ಜರ್ನಲ್ ದುಂಡಗಿದೆ ಅಂದರು, ನಾನು ಓರೆಯಾಗಿ ಅಳೆದೆ

ನನ್ನ ಹಳೆಯ ಟ್ರಯಂಫ್ 650 ಟ್ವಿನ್ ಬೈಕ್‌ನ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್, ಎರಡು ಸೆಟ್ ಬಿಗ್ ಎಂಡ್ ಶೆಲ್ ನುಂಗಿತು. ಕ್ರ್ಯಾಂಕ್‌ನಲ್ಲಿ ಪಿಸ್ಟನ್ ರಾಡ್ ಕೂರುವ ದುಂಡನೆಯ ಭಾಗವೇ ಜರ್ನಲ್, ರಾಡ್‌ಗೂ ಅದಕ್ಕೂ ನಡುವಿನ ತೆಳು ಬೇರಿಂಗೇ ಶೆಲ್. ಮೊದಲ ಸೆಟ್ ಸುಮಾರು 800 ಕಿ.ಮೀ. ಬಾಳಿತು. ಎರಡನೆಯದು ಅಷ್ಟೂ ಇಲ್ಲ. ಎಂಜಿನ್ ಬಿಸಿಯಾದರೆ ಆಯಿಲ್ ಪ್ರೆಷರ್ ಇಳಿಯುತ್ತಿತ್ತು, ಆಮೇಲೆ ಒಳಗಿಂದ ಟಕ ಟಕ. ಶೆಲ್ ಜೊತೆಗೆ ಪ್ರತಿ ಸಲ ಗ್ಯಾಸ್ಕೆಟ್, ಆಯಿಲ್, ರಾಡ್ ನಟ್ಟು. ಆ ದುಡ್ಡಲ್ಲಿ ಜರ್ನಲ್ ಸವರಿ ಮತ್ತೆ ದುಂಡಗೆ ಮಾಡುವ ಒಂದು ಒಳ್ಳೆಯ ಗ್ರೈಂಡಿಂಗ್ ಮುಗಿದು ಇನ್ನೂ ಮಿಗುತ್ತಿತ್ತು.

ಗ್ರೈಂಡಿಂಗ್‌ನವರು ಜರ್ನಲ್‌ನ ದಪ್ಪವನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಕ್ಕೆ ಅಳೆದಿದ್ದರು. ಎರಡೂ ಕಡೆ 41.22 ಮಿ.ಮೀ. ಹೊಸದು 41.24ರಿಂದ 41.25 ಇರುತ್ತದೆ ಅಲ್ವಾ? "ಸ್ವಲ್ಪ ಸವೆದಿದೆ, ಆದರೆ ದುಂಡಗಿದೆ. ಸುಮ್ನೆ ಯಾಕೆ ಗ್ರೈಂಡ್ ಮಾಡಿಸ್ತೀರಿ?" ಅಂದರು. ನಾನೂ ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿಯ ಅಳತೆ ತೋರಿಸುವ ಮೆತ್ತನೆಯ ಎಳೆ) ಇಟ್ಟು ನೋಡಿದ್ದೆ, ಜರ್ನಲ್‌ಗೂ ಶೆಲ್‌ಗೂ ನಡುವಿನ ಕ್ಲಿಯರೆನ್ಸ್ ಸರಿಯಾಗೇ ಬಂದಿತ್ತು. ಆದರೆ ಅದು ತಾನು ಕೂತ ಒಂದು ಗೆರೆಯ ಸುದ್ದಿ ಮಾತ್ರ ಹೇಳುತ್ತದೆ.

ಒಂದು ರಾತ್ರಿ ಕಾಗದದ ಮೇಲೆ ಅಂಡಾಕಾರ ಬಿಡಿಸಿ, ಕಾಗದವನ್ನು 45 ಡಿಗ್ರಿ ತಿರುಗಿಸಿ ಸ್ಕೇಲ್ ಇಟ್ಟೆ. ನೆಟ್ಟಗೂ ಅಡ್ಡಕ್ಕೂ ಒಂದೇ ಅಳತೆ! ಸವೆತ ಓರೆಯಾಗಿದ್ದರೆ ಎರಡು ಅಳತೆಯಲ್ಲಿ ಅದು ಸಿಗುವುದೇ ಇಲ್ಲ.

ಬೆಳಗ್ಗೆ ಎದ್ದು ಓರೆಯಾಗಿ ಅಳೆದೆ. ಒಂದು ಕಡೆ 41.24, ಅದಕ್ಕೆ ಎದುರು ಓರೆಯಲ್ಲಿ 41.20. ನಲವತ್ತು ಮೈಕ್ರಾನ್ ಓವಲ್, ಅಂದರೆ ಸುಮಾರು ಒಂದೂವರೆ ತೌ (ಒಂದು ತೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಗ್ರೈಂಡಿಂಗ್‌ನವರಿಗೆ ಹೇಳಿದರೆ ನಂಬಲಿಲ್ಲ. "ನಿಮ್ಮ ಕೈ ನಡುಗಿರಬೇಕು" ಅಂದರು.

ಅದಕ್ಕೇ ಮತ್ತೆ ಅಳೆದೆ. ಕ್ರ್ಯಾಂಕ್, ಮೈಕ್ರೋಮೀಟರ್ ಎರಡನ್ನೂ ರಾತ್ರಿಯಿಡೀ ಒಂದೇ ಮೇಜಿನ ಮೇಲೆ ಬಿಟ್ಟೆ. ಹತ್ತು ಡಿಗ್ರಿ ಬಿಸಿ ಏರಿದರೆ ಇಷ್ಟು ದಪ್ಪದ ಜರ್ನಲ್ ಐದು ಮೈಕ್ರಾನ್‌ನಷ್ಟು ಹಿಗ್ಗುತ್ತದೆ. ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. ಮೈಕ್ರೋಮೀಟರನ್ನು ಬರಿಗೈಯಲ್ಲಿ ಹತ್ತು ನಿಮಿಷ ಹಿಡಿದು ಅಳೆದರೆ ರೀಡಿಂಗ್ ಸರಿದೇ ಹೋಯಿತು. ಆಮೇಲೆ ಬಟ್ಟೆ ಸುತ್ತಿ ಹಿಡಿದೆ. ಒಂದೊಂದು ಜರ್ನಲ್‌ಗೂ ಎಡ, ನಡು, ಬಲ ಮೂರು ಜಾಗ, ಪ್ರತಿ ಜಾಗದಲ್ಲಿ ನಾಲ್ಕು ದಿಕ್ಕು. ಹನ್ನೆರಡು ರೀಡಿಂಗ್, ಅದೂ ಎರಡು ಸಲ. ಪ್ರತಿ ಸಲವೂ ಅದೇ 45 ಡಿಗ್ರಿಗೆ ಮೈಕ್ರೋಮೀಟರ್ ಕೂರುವಂತೆ ಒಂದು ಸಣ್ಣ ಸಾಧನ ಮಾಡಿಕೊಂಡಿದ್ದೇನೆ. ಅದರ ಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಾಮ್ರದ ಚೂರನ್ನೂ ಜರ್ನಲ್ ಮೇಲೆ ಉಜ್ಜಿ ನೋಡಿದೆ. ಗೀರು ಇದ್ದ ಕಡೆ ತಾಮ್ರ ಅಂಟಿಕೊಂಡಿತು. ಉಗುರಿಗೆ ಸಿಗದ ಗೀರೂ ಹೀಗೆ ಕಾಣುತ್ತದೆ.

ರೀಡಿಂಗ್ ಬರೆದ ಹಾಳೆ ತೋರಿಸಿದ ಮೇಲೆ ಗ್ರೈಂಡಿಂಗ್‌ನವರೇ ಓರೆಯಾಗಿ ಅಳೆದು ಸುಮ್ಮನಾದರು. ಹತ್ತು ತೌ ಅಂಡರ್ ಸೈಜ್‌ಗೆ, ಅಂದರೆ ಮೂಲ ಅಳತೆಗಿಂತ ಅಷ್ಟು ಸಣ್ಣಗೆ, ಗ್ರೈಂಡ್ ಆಯಿತು. ಜರ್ನಲ್‌ನ ಮೂಲೆಯ ರೇಡಿಯಸ್ (ಬಳಸು ತಿರುವು) ಮಾತ್ರ ಬಿಡಬೇಡಿ ಅಂತ ಪಕ್ಕದಲ್ಲೇ ನಿಂತು ಹೇಳಿದೆ, ಅಲ್ಲಿ ಚೂಪಾದರೆ ಶಾಫ್ಟ್ ಅಲ್ಲೇ ಬಿರುಕು ಬಿಡುತ್ತದೆ. ಕ್ರ್ಯಾಂಕ್ ಒಳಗೆ ಆಯಿಲ್‌ನ ಕೊಳೆ ಹಿಡಿಯುವ ಸ್ಲಡ್ಜ್ ಟ್ರ್ಯಾಪ್ ಬಿಚ್ಚಿ ಗ್ರೈಂಡಿಂಗ್ ಪುಡಿಯನ್ನೆಲ್ಲ ತೊಳೆದೆ.

ಈಗ ಆರು ಸಾವಿರ ಕಿ.ಮೀ. ದಾಟಿದೆ. ಬಿಸಿಯಾದಾಗಲೂ ಪ್ರೆಷರ್ ನಿಲ್ಲುತ್ತದೆ. ಗೆಳೆಯರೊಬ್ಬರ ಎಂಜಿನ್ ಈಗ ನನ್ನ ಮೇಜಿನ ಮೇಲಿದೆ. ಎಡ ಜರ್ನಲ್ ಮುಗಿಯಿತು, ಅರ್ಧ ತೌ ವ್ಯತ್ಯಾಸವೂ ಇಲ್ಲ. ಬಲಗಡೆಯದು ನಾಳೆ ಬೆಳಗ್ಗೆ.