ಮೊಬೈಲ್‌ನಲ್ಲೇ ಕೆಲಸದ ನಡೆನುಡಿ: ತರಗತಿ ನಡೆಸುವುದು ಹೇಗೆ?

ನರಸಾಪುರ, ವೇಮಗಲ್ ಅಥವಾ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರುವ ಹೊಸ ಪದವೀಧರರು ಮೊದಲ ತಿಂಗಳಲ್ಲಿ ತಡವರಿಸುವುದು ಹೆಚ್ಚಾಗಿ ಓದಿದ ವಿಷಯದಲ್ಲಲ್ಲ. ಸೂಪರ್‌ವೈಸರ್ ಹೇಳಿದ್ದು ಅರ್ಥವಾಗದಿದ್ದರೆ ಮತ್ತೆ ಕೇಳುವುದು ಹೇಗೆ, ರಜೆ ಕೇಳುವುದು ಹೇಗೆ, ಕೆಲಸ ತಡವಾಗುತ್ತದೆ ಎಂದು ಮೊದಲೇ ತಿಳಿಸುವುದು ಹೇಗೆ ಎಂಬಲ್ಲಿ. ಇದನ್ನು ಆನ್‌ಲೈನ್‌ನಲ್ಲಿ ಕಲಿಸಲಾಗದು ಎನ್ನುವವರಿದ್ದಾರೆ. ಆದರೆ ಇಂಥ ಮಾತುಗಳಲ್ಲಿ ಬಹುಪಾಲು ನಡೆಯುವುದೇ ಫೋನ್, ವಾಟ್ಸ್‌ಆ್ಯಪ್, ಇಮೇಲ್‌ಗಳಲ್ಲಿ. ಹಾಗಾಗಿ ಅಭ್ಯಾಸವೂ ಅಲ್ಲೇ ಆಗುವುದು ಒಳ್ಳೆಯದು. ಸ್ಲೈಡ್ ತೋರಿಸಿ ಒಂದು ಗಂಟೆ ಭಾಷಣ ಮಾಡಿದರೆ ಮಾತ್ರ ಯಾರೂ ಏನೂ ಕಲಿಯುವುದಿಲ್ಲ.

ತಯಾರಿ

ಒಂದು ತಂಡಕ್ಕೆ 24 ವಿದ್ಯಾರ್ಥಿಗಳು ಸಾಕು. ಮೂವರಂತೆ ಎಂಟು ಗುಂಪುಗಳಾಗುತ್ತವೆ. ಅರವತ್ತು ಜನರನ್ನು ಕೂಡಿಸಿಕೊಂಡರೆ ಹತ್ತು ಮಂದಿ ಮಾತಾಡುತ್ತಾರೆ, ಉಳಿದವರು ಲಾಗಿನ್ ಆಗಿ ಫೋನ್ ಪಕ್ಕಕ್ಕಿಡುತ್ತಾರೆ.

ವಾರಕ್ಕೊಂದರಂತೆ ಆರು ವಾರಕ್ಕೆ ಆರು ಕೆಲಸ ಆರಿಸಿಕೊಳ್ಳಿ: ರಜೆಯ ಸಂದೇಶ, ಕೊಟ್ಟ ಕೆಲಸದ ಬಗ್ಗೆ ಮರುಪ್ರಶ್ನೆ, ಗ್ರಾಹಕರ ದೂರಿನ ಕರೆ, ತಪ್ಪಾಗಿದೆ ಎಂದು ತಿಳಿಸುವ ಇಮೇಲ್, ಸಭೆಯಲ್ಲಿ ಒಪ್ಪದೆ ಮಾತಾಡುವುದು, ಸಂದರ್ಶನ. ‘ನಾಯಕತ್ವ’, ‘ಆತ್ಮವಿಶ್ವಾಸ’ ಎಂಬ ದೊಡ್ಡ ಶೀರ್ಷಿಕೆಗಳು ಬೇಡ. ಅವುಗಳಿಗೆ ಮನೆಗೆಲಸ ಕೊಡಲು ಬರುವುದಿಲ್ಲ.

ಸಮಯ ನಿಗದಿ ಮಾಡುವ ಮುನ್ನ ವಿದ್ಯಾರ್ಥಿಗಳನ್ನು ಕೇಳಿ. ಸಂಜೆ ಆರರ ಸುಮಾರಿಗೆ ಹಲವರು ಡೇರಿಗೆ ಹಾಲು ಹಾಕಲು ಹೋಗಿರುತ್ತಾರೆ, ಪಾವಗಡ, ಬಾಗೇಪಲ್ಲಿ ಕಡೆಯವರು ಇನ್ನೂ ಬಸ್ಸಿನಲ್ಲಿರಬಹುದು. ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ದಿನಗಳಲ್ಲಿ ಮನೆಮಂದಿಗೆಲ್ಲ ಪುರುಸೊತ್ತಿರುವುದಿಲ್ಲ. ರಾತ್ರಿ ಎಂಟು ಗಂಟೆ ಹೆಚ್ಚಿನವರಿಗೆ ಹೊಂದುತ್ತದೆ.

ಜೂಮ್‌ನ ಉಚಿತ ಖಾತೆಯಲ್ಲಿ ಸಭೆಗೆ 40 ನಿಮಿಷದ ಮಿತಿಯಿದೆ, ಸಭೆಯಲ್ಲಿರುವವರನ್ನು ಚಿಕ್ಕ ಗುಂಪುಗಳಾಗಿ ಬೇರೆಬೇರೆ ಕೂರಿಸುವ ಗುಂಪು ಕೊಠಡಿಗಳ (ಬ್ರೇಕ್‌ಔಟ್ ರೂಮ್) ಸೌಲಭ್ಯ ಇದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ 60 ನಿಮಿಷ ಸಿಕ್ಕರೂ ಆ ಕೊಠಡಿಗಳು ಸಿಗುವುದಿಲ್ಲ. ಈ ತರಗತಿಗೆ ಕೊಠಡಿಗಳೇ ಮುಖ್ಯ. ಅವುಗಳನ್ನು ಕಂಪ್ಯೂಟರ್‌ನಿಂದ ತೆರೆಯಿರಿ. ವಿದ್ಯಾರ್ಥಿಗಳಿಗೆ ಮೊಬೈಲ್ ಸಾಕು. ಕ್ಯಾಮೆರಾ ಕಡ್ಡಾಯ ಮಾಡಬೇಡಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರ ಡೇಟಾವನ್ನು ವಿಡಿಯೊ ನುಂಗಿಹಾಕುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಯಾರು ಓಡಾಡುತ್ತಾರೋ ಎಂಬ ಮುಜುಗರವೂ ಇರುತ್ತದೆ. ಸಂದರ್ಶನದ ವಾರಕ್ಕೆ ಮಾತ್ರ ಕ್ಯಾಮೆರಾ ಇರಲಿ.

ಮೂವತ್ತೈದು ನಿಮಿಷದ ಹಂಚಿಕೆ

ಮೊದಲ ಐದು ನಿಮಿಷ ಹಿಂದಿನ ವಾರದ ಎರಡು ಕೆಲಸಗಳನ್ನು ಹೆಸರು ಮರೆಮಾಚಿ ತೋರಿಸಿ. ಮುಂದಿನ ಐದರಲ್ಲಿ ಈ ವಾರದ ಸಂದರ್ಭವನ್ನು ಒಬ್ಬ ವಿದ್ಯಾರ್ಥಿಯ ಜತೆ ನೀವೇ ಮಾಡಿ ತೋರಿಸಿ. ಆಮೇಲೆ 15 ನಿಮಿಷ ಕೊಠಡಿಗಳು: ಒಬ್ಬರು ನೌಕರ, ಒಬ್ಬರು ಸೂಪರ್‌ವೈಸರ್, ಮೂರನೆಯವರು ನೋಡುಗರು. ಮೂರು ನಿಮಿಷ ಸಂಭಾಷಣೆ, ಎರಡು ನಿಮಿಷ ನೋಡುಗರ ಮಾತು, ನಂತರ ಪಾತ್ರ ಬದಲು. ಹೀಗೆ ಮೂರು ಸುತ್ತು. ಕೊನೆಯ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ. ಜೂಮ್‌ನ ನಲವತ್ತರಲ್ಲಿ ಉಳಿದ ಐದು ನಿಮಿಷ ನೆಟ್‌ವರ್ಕ್‌ನ ಪಾಲು.

ಪಾತ್ರದ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳಿಸಿ. ಎಲ್ಲರಿಗೂ ಒಂದೇ ಚೀಟಿ ಹೋದರೆ ಅದು ನಾಟಕದ ಬಾಯಿಪಾಠವಾಗುತ್ತದೆ. ಎರಡನೇ ವಾರಕ್ಕೆ ಸೂಪರ್‌ವೈಸರ್ ಚೀಟಿ ಹೀಗಿರಲಿ: ‘ಬೆಳಿಗ್ಗೆ ಸ್ಟಾಕ್ ರಿಪೋರ್ಟ್ ಬೇಕು ಎಂದಷ್ಟೇ ಹೇಳಿ. ನಿಮಗೆ ಬೇಕಿರುವುದು ಎರಡನೇ ಗೋದಾಮಿನದ್ದು, ಒಂಬತ್ತೂವರೆಯೊಳಗೆ, ಎಕ್ಸೆಲ್‌ನಲ್ಲಿ. ಕೇಳಿದರೆ ಮಾತ್ರ ಹೇಳಿ.’ ಮೊದಲ ಸುತ್ತಿನಲ್ಲಿ ಬಹುತೇಕರು ‘ಆಯ್ತು ಸರ್’ ಎಂದು ಮುಗಿಸಿಬಿಡುತ್ತಾರೆ. ದಡ್ಡತನದಿಂದಲ್ಲ, ಹಿರಿಯರನ್ನು ಮರುಪ್ರಶ್ನೆ ಕೇಳಿದರೆ ಎದುರುತ್ತರ ಕೊಟ್ಟಂತೆ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿರುತ್ತಾರೆ. ಆದ್ದರಿಂದ ವಾಕ್ಯವನ್ನೇ ಕೈಗೆ ಕೊಡಿ: ‘ಸರ್, ಸರಿಯಾಗಿ ಮಾಡೋಣ ಅಂತ ಕೇಳ್ತಿದ್ದೀನಿ. ಯಾವ ಗೋದಾಮಿಂದು, ಎಷ್ಟೊತ್ತಿಗೆ ಬೇಕು?’ ಕೊನೆಯಲ್ಲಿ ತನಗೆ ಅರ್ಥವಾದದ್ದನ್ನು ಒಮ್ಮೆ ಹೇಳಿ ಖಚಿತಪಡಿಸಿಕೊಳ್ಳಬೇಕು. ಇಷ್ಟು ರೂಢಿಯಾದರೂ ಆ ವಾರ ಸಾರ್ಥಕ.

ನೋಡುಗರಿಗೆ ಎರಡೇ ಪ್ರಶ್ನೆ: ಏನು ಬಿಟ್ಟುಹೋಯಿತು? ಯಾವ ಮಾತು ಕೆಲಸಕ್ಕೆ ಬಂತು? ‘ಚೆನ್ನಾಗಿತ್ತು’ ಎನ್ನುವಂತಿಲ್ಲ.

ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ

ಮೊದಲ ಸುತ್ತು ಕನ್ನಡದಲ್ಲೇ ನಡೆಯಲಿ. ಗಡಿ ಭಾಗದವರು ತೆಲುಗು ಬೆರೆಸಿದರೂ ತಡೆಯಬೇಡಿ. ಹೇಳಬೇಕಾದ ವಿಷಯ ಮನಸ್ಸಿನಲ್ಲಿ ಕೂತ ಮೇಲೆ ಇಂಗ್ಲಿಷ್ ಸುತ್ತು. ನೇರ ಇಂಗ್ಲಿಷ್‌ಗೆ ಇಳಿದರೆ ಪೂರ್ತಿ ಗಮನ ವ್ಯಾಕರಣದ ಕಡೆ ಹೋಗಿ, ‘ಮೈಸೆಲ್ಫ್’ ಎಂದು ಶುರುವಾಗುವ ಬಾಯಿಪಾಠವೊಂದೇ ಉಳಿಯುತ್ತದೆ.

ಬರಹದ ಕೆಲಸಗಳಿಗೆ ಒಂದು ಮಾದರಿ ನೋಡಿ. ರಾತ್ರಿ ಹನ್ನೊಂದಕ್ಕೆ ಬರುವ ‘ಸರ್ ನಾಳೆ ಬರಕ್ಕಾಗಲ್ಲ’ ಎಂಬ ಸಂದೇಶದಲ್ಲಿ ಕಳಿಸಿದವರು ಯಾರೆಂಬುದೂ ಇಲ್ಲ, ಕಾರಣವೂ ಇಲ್ಲ, ಕೆಲಸದ ಗತಿಯೂ ಇಲ್ಲ. ತಿದ್ದಿದ ಮೇಲೆ: ‘ಸರ್, ಬಿ ಶಿಫ್ಟಿನ ಪ್ಯಾಕಿಂಗ್ ವಿಭಾಗದ ಮಂಜುಳಾ. ತಂದೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ನಾಳೆ ಬುಧವಾರ ರಜೆ ಬೇಕಿತ್ತು. ಇವತ್ತಿನ ಎಂಟ್ರಿ ಮುಗಿಸಿದ್ದೇನೆ. ಗುರುವಾರ ಬರುತ್ತೇನೆ.’ ಕ್ಷಮೆಯ ಸುರಿಮಳೆ ಬೇಕಿಲ್ಲ.

ಇಮೇಲ್‌ಗಳನ್ನು ಈಗ ಚಾಟ್‌ಜಿಪಿಟಿಯಲ್ಲಿ ಬರೆಸಿ ಕಳಿಸುವುದು ಸಾಮಾನ್ಯ. 24 ಇಮೇಲ್‌ಗಳೂ ಒಂದೇ ಅಚ್ಚಿನವಾಗಿದ್ದರೆ ಗದರಿ ಉಪಯೋಗವಿಲ್ಲ. ಅದೇ ವಿಷಯವನ್ನು ನೋಡದೆ ಒಂದು ನಿಮಿಷದ ವಾಯ್ಸ್ ಮೆಸೇಜ್‌ನಲ್ಲಿ ಹೇಳಿಸಿ. ತಾನೇ ಯೋಚಿಸಿದವರು ಯಾರೆಂದು ಆಗ ತಿಳಿಯುತ್ತದೆ.

ತಿದ್ದುವುದು, ಅಂಕ ಕೊಡುವುದು

ಒಂದು ನಿಮಿಷದ 24 ವಾಯ್ಸ್ ಮೆಸೇಜ್ ಕೇಳಿ, ತಲಾ ಒಂದು ನಿಮಿಷದ ಉತ್ತರ ಕೊಡಲು 48 ನಿಮಿಷ ಬೇಕು. ಈ ಸಮಯ ನಿಮ್ಮ ಬಳಿ ಇಲ್ಲವೆಂದರೆ ತಂಡವನ್ನೇ ಚಿಕ್ಕದು ಮಾಡಿ, ಉತ್ತರ ನಿಲ್ಲಿಸಬೇಡಿ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳಿ, ಅದೂ ಖಾಸಗಿಯಾಗಿ. ಎಲ್ಲರೂ ಇರುವ ಗುಂಪಿನಲ್ಲಿ ತಪ್ಪು ಎತ್ತಿ ತೋರಿಸಿದರೆ ಮುಂದಿನ ವಾರ ಆ ವಿದ್ಯಾರ್ಥಿಯ ನೆಟ್‌ವರ್ಕ್ ಕೈಕೊಡುತ್ತದೆ.

ಹಾಜರಾತಿಗೆ ಅಂಕ ಕೊಡಬೇಡಿ. ಮೊದಲ ವಾರ ಶುರುವಾಗುವ ಮುನ್ನ ಒಂದು ಸಂದರ್ಭ ಕೊಟ್ಟು ರೆಕಾರ್ಡ್ ಮಾಡಿಸಿಕೊಂಡಿರಿ. ಆರನೇ ವಾರದ ನಂತರ ಅದೇ ಸಂದರ್ಭವನ್ನು ಮತ್ತೆ ಕೊಡಿ. ಎರಡನ್ನೂ ಜೋಡಿಸಿ ವಿದ್ಯಾರ್ಥಿಗೇ ಕಳಿಸಿ, ಯಾವ ಮೂರು ಕಡೆ ಬದಲಾಗಿದೆ ಎಂದು ಬರೆಯಲು ಹೇಳಿ. ಏನೂ ಬದಲಾಗಿಲ್ಲ ಎಂದು ಬರೆದವರನ್ನು ಮುಂದಿನ ತಂಡಕ್ಕೆ ಸೇರಿಸಿಕೊಳ್ಳಿ, ಈ ಸಲ ನೋಡುಗರ ಪಾತ್ರ ಅವರಿಗೆ ಹೆಚ್ಚು ಸಿಗಲಿ.