ಮಣ್ಣಿನ ಬ್ಯಾಕ್ಟೀರಿಯಾ ಕೊಟ್ಟ ಕೆಂಪು: ನನ್ನ ಅನುಭವ

ಮಣ್ಣಿನ ಬ್ಯಾಕ್ಟೀರಿಯಾದಿಂದ ಬಣ್ಣ ತೆಗೆಯುವುದು ಅಂಥ ದೊಡ್ಡ ಕೆಲಸವಲ್ಲ. ಅದನ್ನು ನೂಲಿನ ಮೇಲೆ ನಿಲ್ಲಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನಾನು ಇದಕ್ಕೆ ಕೈಹಾಕಿದ್ದು, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡೂ ನಮ್ಮ ಜಿಲ್ಲೆಯವೇ ಅಲ್ಲವೇ ಎಂಬ ಹುಮ್ಮಸ್ಸಿನಿಂದ.

ಹಿಂಗಾರಿ ಬಿಳಿಜೋಳ ಕೊಯ್ದ ಎರಿ (ಕಪ್ಪು ಮಣ್ಣಿನ) ಹೊಲದಿಂದ ಅರ್ಧ ಗೇಣು ಆಳದ ಮಣ್ಣು ತಂದು ನೆರಳಲ್ಲಿ ಒಣಗಿಸಿದೆ. ಒಣಗಿಸಿದರೆ ಎಷ್ಟೋ ಸಾಮಾನ್ಯ ಬ್ಯಾಕ್ಟೀರಿಯಾ ಸಾಯುತ್ತವೆ, ಬೀಜಕಗಳಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಉಳಿಯುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ಸ್ಟಾರ್ಚ್ ಕೇಸಿನ್ ಅಗಾರ್ ಎಂಬ ಮಾಧ್ಯಮದ ಮೇಲೆ ಅದು ಹಿಟ್ಟು ಉದುರಿಸಿದಂತೆ ಬೆಳೆಯುತ್ತದೆ. ಪ್ಲೇಟಿನ ಮುಚ್ಚಳ ತೆಗೆದರೆ ಥೇಟ್ ಮೊದಲ ಮಳೆಯ ವಾಸನೆ. ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಇದೇ ಜೀವಿಯ ಉತ್ಪನ್ನ. ಆದರೆ ನನಗೆ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಕೊಟ್ಟಿದ್ದೆಲ್ಲ ಮೆಲನಿನ್ ಎಂಬ ಕಂದು ಬಣ್ಣ. ಸೀರೆಗೆ ಯಾರು ಕೇಳಬೇಕು ಅದನ್ನು?

ಕೆಂಪು ಸಿಕ್ಕಿದ್ದು ಗೊಬ್ಬರದ ತಿಪ್ಪೆಯ ಪಕ್ಕದ ಮಣ್ಣಿನಲ್ಲಿ. ಹೊಳೆಯುವ, ಗಾಢ ಕೆಂಪಿನ ಕಾಲನಿ, ಅಂದರೆ ಬ್ಯಾಕ್ಟೀರಿಯಾದ ಗುಂಪು. ಕೆಂಪಾಗಿದ್ದೆಲ್ಲ ಒಂದೇ ಅಲ್ಲ. ಕೆಲವು ಬ್ಯಾಕ್ಟೀರಿಯಾಗಳ ಕೆಂಪು ಕ್ಯಾರೊಟಿನಾಯ್ಡ್, ಗಜ್ಜರಿಯ ಬಣ್ಣದ ಕುಲದ್ದು. ಬಣ್ಣವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಒಂದು ಹನಿ ಆಮ್ಲ ಹಾಕಿದರೆ ಗುಲಾಬಿಗೆಂಪು, ಕ್ಷಾರ ಹಾಕಿದರೆ ಹಳದಿ. ಹೀಗೆ ತಿರುಗಿದ್ದರಿಂದ ಇದು ಪ್ರೊಡಿಜಿಯೋಸಿನ್ ಎಂಬ ಕೆಂಪು ಬಣ್ಣವೆಂಬ ಅಂದಾಜು ಸಿಕ್ಕಿತು. ಡಿಎನ್ಎ ಪರೀಕ್ಷೆಗೆ ಹೊರಗೆ ಕಳಿಸಿದಾಗ ಬಂದ ಹೆಸರು ಸೆರಾಶಿಯಾ ಮಾರ್ಸೆಸೆನ್ಸ್.

ಇದು ಹಳೆಯ ಪರಿಚಿತ. 1819ರಲ್ಲಿ ಇಟಲಿಯ ಪಡುವಾ ಸೀಮೆಯಲ್ಲಿ ಮೆಕ್ಕೆಜೋಳದ ನುಚ್ಚು ರಕ್ತದಂತೆ ಕೆಂಪಾಗಿ, ಜನ ದೆವ್ವದ ಕಾಟವೆಂದು ಹೆದರಿದ್ದರು. ಬಾರ್ಟೊಲೊಮಿಯೊ ಬಿಜಿಯೊ ಎಂಬ ಔಷಧ ತಜ್ಞ ಅದು ಜೀವಿಯ ಕೆಲಸವೆಂದು ತೋರಿಸಿದ. ಆಸ್ಪತ್ರೆಗಳಲ್ಲಿ ನಿತ್ರಾಣದ ರೋಗಿಗಳಿಗೆ ಸೋಂಕು ತಗುಲಿಸುವುದೂ ಇದೇ ಬ್ಯಾಕ್ಟೀರಿಯಾ. ಆದ್ದರಿಂದ ಮನೆಯಲ್ಲಿ ಮಾಡಿ ನೋಡುವ ಆಸೆ ಬೇಡ. ನಮ್ಮಲ್ಲಿ ಕೈಗವಸಿಲ್ಲದೆ ಯಾರೂ ಮುಟ್ಟುವುದಿಲ್ಲ; ಉಳಿದ ದ್ರಾವಣ 121 ಡಿಗ್ರಿಯಲ್ಲಿ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಜೀವಾಣು ಕೊಲ್ಲುವುದು) ಆಗದೆ ಮೋರಿ ಸೇರುವುದಿಲ್ಲ.

ಈ ಬ್ಯಾಕ್ಟೀರಿಯಾದ ಆಹಾರಕ್ಕೆ ದುಬಾರಿ ಪುಡಿಗಳ ಬದಲು ಶೇಂಗಾ ಪುಡಿಯ ಕಷಾಯ ಸಾಕು. ಶೇಂಗಾದಲ್ಲಿ ಬಣ್ಣ ಹೆಚ್ಚುತ್ತದೆ ಎಂದು ಮೊದಲೇ ಓದಿದ್ದೆ, ನಮ್ಮ ಕಡೆ ಅದಕ್ಕೇನು ಬರವೇ? ಉಷ್ಣತೆ ಮಾತ್ರ 28 ಡಿಗ್ರಿ ಸುಮಾರಿಗೆ ಇರಬೇಕು. 37 ದಾಟಿದರೆ ಜೀವಿ ಬೆಳೆಯುತ್ತದೆ, ಬಣ್ಣ ಬರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಕರೆಂಟ್ ಹೋಗಿ ತಂಪು ಇನ್‌ಕ್ಯುಬೇಟರ್ ನಿಂತರೆ ಬಿಳಿ ಕಾಲನಿಗಳು ಏಳುತ್ತವೆ. ಅವನ್ನೇ ಹೊಸ ಪ್ಲೇಟಿಗೆ ಹಾಕಿ ತಂಪಿನಲ್ಲಿಟ್ಟರೆ ಮತ್ತೆ ಕೆಂಪು. ಬೆಳೆದ ಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೋಶಗಳನ್ನು ಬೇರ್ಪಡಿಸಿ, ಅವುಗಳಿಂದ ಬಣ್ಣವನ್ನು ತುಸು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಎಥನಾಲ್‌ನಲ್ಲಿ ತೆಗೆಯುತ್ತೇನೆ. ಇದು ನೀರಿಗೆ ಕರಗುವ ಬಣ್ಣವೇ ಅಲ್ಲ.

ರೇಷ್ಮೆ ಲಡಿ ಈ ದ್ರಾವಣದಲ್ಲಿ ಅದ್ದಿದ ಗಳಿಗೆಗೇ ಕುಡಿಯಿತು. ಇಳಕಲ್‌ನವರು ಗಿರಿಕುಂಕುಮ ಅನ್ನುವ ಗಾಢ ಕೆಂಪಿಗೆ ಹತ್ತಿರ ಬರಲಿಲ್ಲ, ಗುಲಾಬಿ ಬೆರೆತ ಕೆಂಪು. ಹತ್ತಿ ನೂಲು ಸಪ್ಪೆ. ಬಣ್ಣ ಹಿಡಿಸುವ ಅಲಂ (ಪಟಿಕ) ಹಾಕಿದರೂ ಮಸುಕು ಗುಲಾಬಿಗಿಂತ ಮುಂದೆ ಹೋಗಲಿಲ್ಲ. ರೇಷ್ಮೆ ಪ್ರೊಟೀನು, ಹತ್ತಿ ಸೆಲ್ಯುಲೋಸು, ವ್ಯತ್ಯಾಸ ಅಲ್ಲೇ ಇದೆ.

ಲಡಿಯನ್ನು ನೋಡಿದ ಪರಿಚಯದ ನೇಕಾರರು ಬಟ್ಟೆ ಸೋಪು ತರಿಸಿದರು. ನೆನೆಸಿ ತಿಕ್ಕಿದರು, ಕೆಂಪು ಕಿತ್ತಳೆಯಾಯಿತು. ನಾನು ವಿನೆಗರ್ ನೀರಿನಲ್ಲಿ ಅದ್ದಿದೆ, ಮತ್ತೆ ಕೆಂಪಾಯಿತು. "ಸೀರಿ ಒಗದ ಮ್ಯಾಲ ಪ್ರತಿ ಸಾರಿ ವಿನೆಗರ್ ಹಾಕ್ಯಾರೇನ್ರಿ?" ಎಂದು ಕೇಳಿ ಲಡಿ ವಾಪಸ್ ಕೊಟ್ಟರು. ಅದಕ್ಕೂ ಕೆಟ್ಟ ಶತ್ರು ಬಿಸಿಲು. ಅರ್ಧ ಲಡಿಗೆ ಕಪ್ಪು ಕಾಗದ ಸುತ್ತಿ ಮಾಳಿಗೆಯ ಮೇಲೆ ಇಟ್ಟಿದ್ದೆ. ಸಂಜೆಗೆ ಬಿಚ್ಚಿದರೆ ತೆರೆದ ಅರ್ಧ ಕಣ್ಣಿಗೆ ಕಾಣುವಷ್ಟು ಮಾಸಿತ್ತು. ಈ ಬಣ್ಣಕ್ಕೆ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವಿದೆ, ನಿಜ. ಆದರೂ ಪೇಟೆಯ ಸೀರೆಗೆ ಇದು ಹೊಂದುವುದಿಲ್ಲ ಎಂಬುದೇ ನನ್ನ ತೀರ್ಮಾನ. "ಸಂಪೂರ್ಣ ನೈಸರ್ಗಿಕ" ಎಂಬ ಚೀಟಿ ಅಂಟಿಸಿ ಮಾರುವ ಉತ್ಸಾಹ ನನಗಿಲ್ಲ.

ಸೋಪಿಗೆ ತಿರುಗುವ ಆ ಗುಣವನ್ನೇ ಈಗ ಬಳಸುತ್ತಿದ್ದೇನೆ. ಫಿಲ್ಟರ್ ಪೇಪರನ್ನು ಬಣ್ಣದಲ್ಲಿ ಅದ್ದಿ ಒಣಗಿಸಿ ಪಟ್ಟಿ ಕತ್ತರಿಸುತ್ತೇವೆ. ಮಣ್ಣು ಕದಡಿದ ನೀರಿಗೆ ಪಟ್ಟಿ ಇಳಿಸಿದರೆ, ನೀರಾವರಿ ಹೆಚ್ಚಾಗಿ ಸವಳು ಹಿಡಿದ, ಕ್ಷಾರ ಏರಿದ ಹೊಲದ್ದು ಹಳದಿಗೆ ತಿರುಗುತ್ತದೆ. ಮಸಾರಿ (ಕೆಂಪು) ಮಣ್ಣಿನದು ಕೆಂಪಾಗಿಯೇ ಇರುತ್ತದೆ. ಒಳ್ಳೆಯ ಎರಿ ಮಣ್ಣಿನ ಪಿಎಚ್ಚೇ (ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸು ಇರುವುದರಿಂದ ಅಲ್ಲಿ ಕಿತ್ತಳೆ ಬಂದು ಗೊಂದಲವಾಗುತ್ತದೆ. ಅಂಥ ಮಣ್ಣಿಗೆ ಮೀಟರೇ ಬೇಕು. ವಿದ್ಯಾರ್ಥಿಗಳು ಊರಿಗೆ ಒಯ್ಯುವ ಪಟ್ಟಿಗಳನ್ನು ಕಪ್ಪು ಡಬ್ಬಿಯಲ್ಲಿ ಹಾಕಿ ಕೊಡುತ್ತೇನೆ, ಬೆಳಕು ಬಿದ್ದರೆ ಕೆಡುತ್ತವೆ.