ಒಂದನೇ ತರಗತಿಯಲ್ಲಿ ಅನ್ವೇಷಣೆಯ ಕಲಿಕೆ: ಬೀಜ ಮೊಳೆಸುವ ಒಂದು ವಾರವನ್ನು ನಡೆಸುವ ಬಗೆ

ಮಗು ಕೇಳಿದ ಪ್ರಶ್ನೆಗೆ ಅದೇ ಮಗು ತನ್ನ ಕೈಯಿಂದ ಮಾಡಿ, ಕಣ್ಣಿಂದ ನೋಡಿ, ತನ್ನದೇ ಮಾತಿನಲ್ಲಿ ಉತ್ತರ ಹೇಳುವಂತೆ ಪಾಠವನ್ನು ಹೊಂದಿಸುವುದಕ್ಕೆ ಅನ್ವೇಷಣೆಯ ಕಲಿಕೆ ಎನ್ನುತ್ತೇವೆ. ಆರು ವರ್ಷದ ಮಕ್ಕಳೊಂದಿಗೆ ಇದನ್ನು ನಡೆಸಲು ಪ್ರಯೋಗಶಾಲೆಯಾಗಲಿ ದುಬಾರಿ ಸಾಮಗ್ರಿಯಾಗಲಿ ಬೇಕಿಲ್ಲ. ಚಿಕ್ಕದೊಂದು ಪ್ರಶ್ನೆ, ಅದನ್ನು ಪರೀಕ್ಷಿಸಲು ಒಂದು ವಾರ, ಉತ್ತರ ಗೊತ್ತಿದ್ದರೂ ಆ ವಾರವಿಡೀ ಅದನ್ನು ಬಾಯಿ ಬಿಡದ ಶಿಕ್ಷಕರು, ಇಷ್ಟಿದ್ದರೆ ಸಾಕು. ಮೂರರಲ್ಲಿ ಕೊನೆಯದೇ ಕಷ್ಟದ್ದು, ಮತ್ತು ಇಡೀ ಪದ್ಧತಿ ನಿಂತಿರುವುದು ಅದರ ಮೇಲೆಯೇ.

ನಮ್ಮ ಸರ್ಕಾರಿ ಶಾಲೆಗಳಿಗೆ ಇದು ಹೊರಗಿನಿಂದ ಬಂದ ವಿಚಾರವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009–10ರಿಂದ ರಾಜ್ಯದಾದ್ಯಂತ ವಿಸ್ತರಿಸಿದ ನಲಿಕಲಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಲ್ಲಿ ಅವರ ಎತ್ತರಕ್ಕೆ ಸರಿಯಾಗಿ ಗೋಡೆ ಹಲಗೆ ಇರುತ್ತದೆ, ಅವರು ಮಾಡಿದ ಚಿತ್ರಗಳನ್ನು ತೂಗುಹಾಕಲು ಕಲಿಕಾ ಚಪ್ಪರವಿರುತ್ತದೆ, ದಿನದಿನದ ಮಳೆ ಬಿಸಿಲನ್ನು ಗುರುತಿಸುವ ಹವಾಮಾನ ನಕ್ಷೆಯೂ ಇರುತ್ತದೆ. ಅನ್ವೇಷಣೆಗೆ ಬೇಕಾದ ನೆಲೆ ಹೀಗೆ ಸಿದ್ಧವಾಗಿಯೇ ಇದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟ ಮತ್ತು ಚಟುವಟಿಕೆಯ ಮೂಲಕ ಕಲಿಸುವುದನ್ನೇ ಒತ್ತಿ ಹೇಳುತ್ತದೆ.

ಮೊದಲು ಪ್ರಶ್ನೆಯ ಆಯ್ಕೆ. ಮಕ್ಕಳು ಕೇಳುವ ಪ್ರಶ್ನೆಗಳೆಲ್ಲ ಒಳ್ಳೆಯವೇ ಆದರೂ ಎಲ್ಲವೂ ಅವರ ಕೈಗೆ ಎಟಕುವುದಿಲ್ಲ. ‘ಮಳೆ ಯಾಕೆ ಬರುತ್ತೆ?’ ಎಂಬ ಪ್ರಶ್ನೆಗೆ ಕೊನೆಗೂ ದೊಡ್ಡವರ ಮಾತನ್ನೇ ನಂಬಬೇಕಾಗುತ್ತದೆ. ‘ನೀರು ಹಾಕದೆ ಇಟ್ಟರೆ ಕಾಳು ಮೊಳೆಯುತ್ತಾ?’ ಎಂಬುದಕ್ಕೆ ಯಾರನ್ನೂ ನಂಬಬೇಕಿಲ್ಲ, ಇಟ್ಟು ನೋಡಿದರಾಯಿತು. ಆದ್ದರಿಂದ ‘ಯಾಕೆ’ ಎಂದು ಬಂದ ಪ್ರಶ್ನೆಯನ್ನು ‘ಹೀಗೆ ಮಾಡಿದರೆ ಏನಾಗುತ್ತದೆ’ ಎಂಬ ರೂಪಕ್ಕೆ ಮಕ್ಕಳ ಜೊತೆಗೇ ತಿರುಗಿಸಿಕೊಳ್ಳಬೇಕು. ಅದರ ಫಲ ಕೆಲವೇ ದಿನಗಳಲ್ಲಿ ಕಾಣುವಂತಿರಬೇಕು, ಏಕೆಂದರೆ ಒಂದು ವಾರ ದಾಟಿದ ಪ್ರಶ್ನೆಯನ್ನು ಈ ವಯಸ್ಸಿನ ಮಕ್ಕಳು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಅಪರೂಪ.

ಜೂನ್ ತಿಂಗಳು ಬೀಜದ ಪಾಠಕ್ಕೆ ಹೇಳಿಮಾಡಿಸಿದ ಕಾಲ. ಶಾಲೆ ಆಗತಾನೆ ತೆರೆದಿರುತ್ತದೆ, ಹೊಲಗಳಲ್ಲಿ ಬಿತ್ತನೆ ನಡೆದಿರುತ್ತದೆ, ಮನೆಯಲ್ಲಿ ಮಾವು ಹಲಸಿನ ಬೀಜಗಳು ಬಿದ್ದಿರುತ್ತವೆ. ಮನೆಯಿಂದ ಒಂದು ಹಿಡಿ ಕಾಳು ತರುವಂತೆ ಮಕ್ಕಳಿಗೆ ಹೇಳಿದರೆ ಹೆಸರು, ಹುರುಳಿ, ಅಲಸಂದೆ, ಅವರೆ, ಕಡಲೆ, ರಾಗಿ, ಭತ್ತ ಎಲ್ಲವೂ ಬರುತ್ತವೆ. ಬಿಸಿಯೂಟದ ಕೋಣೆಯಿಂದ ಒಂದಿಷ್ಟು ತೊಗರಿಬೇಳೆ ಮತ್ತು ಅಕ್ಕಿಯನ್ನೂ ಕೇಳಿ ತಂದಿಟ್ಟುಕೊಳ್ಳಬೇಕು, ಇವುಗಳ ಕೆಲಸ ಮುಂದೆ ಬರುತ್ತದೆ. ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಬಿತ್ತನೆಗೆಂದು ಔಷಧ ಲೇಪಿಸಿದ, ಬಣ್ಣ ಹಚ್ಚಿದ ಬೀಜಗಳು ತರಗತಿಯೊಳಗೆ ಬರಕೂಡದು. ಹರಳು, ದತ್ತೂರಿ, ಗುಲಗಂಜಿಯ ಬೀಜಗಳು ವಿಷವಾದ್ದರಿಂದ ಅವೂ ಬೇಡ. ಗುಲಗಂಜಿಯ ಕೆಂಪು ಕಪ್ಪು ಬಣ್ಣಕ್ಕೆ ಮಕ್ಕಳು ಬಹಳ ಬೇಗ ಮನಸೋಲುತ್ತಾರೆ, ಅದಕ್ಕಾಗಿ ಮೊದಲೇ ಹೇಳಿರಬೇಕು. ಕಾಳನ್ನು ಮೂಗಿಗೋ ಕಿವಿಗೋ ಹಾಕಿಕೊಳ್ಳುವುದು ಈ ವಯಸ್ಸಿನಲ್ಲಿ ನಿಜಕ್ಕೂ ನಡೆಯುವ ಸಂಗತಿ. ಆದ್ದರಿಂದ ಪ್ರತಿ ಗುಂಪಿಗೂ ಎಣಿಸಿ ಕೊಟ್ಟು, ಎಣಿಸಿಯೇ ಹಿಂದಕ್ಕೆ ಪಡೆಯಬೇಕು.

ಮೊದಲ ದಿನ ಮಕ್ಕಳು ಕಾಳುಗಳನ್ನು ಸುಮ್ಮನೆ ಮುಟ್ಟಿ, ಬೇರ್ಪಡಿಸಿ, ತಮಗೆ ತೋಚಿದಂತೆ ಗುಂಪು ಮಾಡಲಿ. ಬಣ್ಣದಿಂದಲೋ ಗಾತ್ರದಿಂದಲೋ ‘ನಮ್ಮ ಮನೇಲಿ ಇರೋದು, ಇಲ್ಲದೇ ಇರೋದು’ ಎಂಬ ಲೆಕ್ಕದಿಂದಲೋ ಅವರು ವಿಂಗಡಿಸುತ್ತಾರೆ. ಯಾವುದನ್ನೂ ತಿದ್ದದೆ, ‘ಇದನ್ನು ಯಾಕೆ ಇಲ್ಲಿ ಇಟ್ಟೆ ಪುಟ್ಟಾ?’ ಎಂದಷ್ಟೇ ಕೇಳಬೇಕು. ಈ ಹೊತ್ತಿನಲ್ಲೇ ಪ್ರಶ್ನೆಗಳು ಹುಟ್ಟುತ್ತವೆ. ಅವುಗಳನ್ನು ಕೇಳಿದ ಮಗುವಿನ ಹೆಸರಿನ ಸಮೇತ, ಅದರದೇ ಮಾತಿನಲ್ಲಿ ಕಪ್ಪುಹಲಗೆಯ ಮೇಲೆ ಬರೆಯಬೇಕು. ಓದಲು ಬಾರದಿದ್ದರೂ ತನ್ನ ಮಾತು ಅಕ್ಷರವಾಗಿ ನಿಂತಿರುವುದನ್ನು ಮಗು ಗುರುತಿಸುತ್ತದೆ, ಮತ್ತು ಓದಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಬೇರೆಲ್ಲೂ ಸಿಗಲಾರದು.

ಆಮೇಲೆ ಬರುವ ಹೆಜ್ಜೆಯನ್ನು ಅನೇಕರು ಬಿಟ್ಟುಬಿಡುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದುದು. ಪ್ರಯೋಗಕ್ಕೆ ಮುನ್ನ ಪ್ರತಿ ಮಗುವೂ ತನ್ನ ಊಹೆಯನ್ನು ಹೇಳಿ ಗುರುತು ಮಾಡಬೇಕು. ಗೋಡೆ ಹಲಗೆಯ ಮೇಲೆ ಎರಡು ಬಟ್ಟಲುಗಳ ಚಿತ್ರ ಬರೆದು, ಒಂದಕ್ಕೆ ನೀರಿನ ಹನಿಯನ್ನು ಬಿಡಿಸಿ, ಯಾವುದರಲ್ಲಿ ಮೊಳಕೆ ಬರುತ್ತದೆಂದು ತೋರುತ್ತದೆಯೋ ಅದರ ಕೆಳಗೆ ಒಂದು ಗೆರೆ ಎಳೆಯುವಂತೆ ಹೇಳಿದರೆ ಸಾಕು. ಊಹೆ ಮೊದಲೇ ದಾಖಲಾಗದಿದ್ದರೆ, ಫಲ ಬಂದ ಮೇಲೆ ಎಲ್ಲರೂ ‘ನಂಗೆ ಮೊದಲೇ ಗೊತ್ತಿತ್ತು ಮಿಸ್’ ಎನ್ನುತ್ತಾರೆ, ಮತ್ತು ಅಲ್ಲಿಗೆ ಅಚ್ಚರಿಯೂ ಕಲಿಕೆಯೂ ಮುಗಿದುಹೋಗುತ್ತವೆ.

ಪ್ರಯೋಗವನ್ನು ಸೋಮವಾರ ತೊಡಗುವುದು ಒಳ್ಳೆಯದು, ಏಕೆಂದರೆ ವಾರದ ಕೊನೆಯಲ್ಲಿ ಇಟ್ಟ ಕಾಳು ಭಾನುವಾರ ಯಾರೂ ನೋಡದೆ ಒಣಗುತ್ತದೆ ಅಥವಾ ಕೊಳೆಯುತ್ತದೆ. ಸೋಮವಾರ ಸಂಜೆ ಹೆಸರುಕಾಳನ್ನು ನೆನೆಹಾಕಿ, ಮಂಗಳವಾರ ಬೆಳಿಗ್ಗೆ ಪ್ರತಿ ಗುಂಪೂ ಎರಡು ತೆಂಗಿನ ಕರಟಗಳಲ್ಲಿ ಹತ್ತಿ ಬಟ್ಟೆಯ ತುಂಡು ಹಾಸಲಿ. ಒಂದರಲ್ಲಿ ನೆನೆದ ಐದು ಕಾಳು ಮತ್ತು ತೇವದ ಬಟ್ಟೆ, ಇನ್ನೊಂದರಲ್ಲಿ ಒಣಗಿದ ಐದು ಕಾಳು ಮತ್ತು ಒಣಬಟ್ಟೆ. ಕಾಳು, ಕರಟ, ಇಡುವ ಜಾಗ ಎಲ್ಲವೂ ಒಂದೇ ಆಗಿರಬೇಕು, ನೀರು ಮಾತ್ರ ಬೇರೆ. ಈ ನಿಯಮವನ್ನು ಮಕ್ಕಳು ಆಟದ ನಿಯಮದಂತೆ ಬಲು ಬೇಗ ಒಪ್ಪಿಕೊಳ್ಳುತ್ತಾರೆ, ಪಕ್ಕದ ಗುಂಪು ಆರು ಕಾಳು ಹಾಕಿದರೆ ತಾವೇ ಆಕ್ಷೇಪಿಸುತ್ತಾರೆ. ಬಟ್ಟೆ ತೇವವಾಗಿರಬೇಕೇ ಹೊರತು ನೀರು ನಿಂತಿರಬಾರದು. ಮುಳುಗಿದ ಕಾಳಿಗೆ ಗಾಳಿ ಸಾಲದೆ ಅದು ಕೊಳೆತು ನಾರುತ್ತದೆ. ರಾತ್ರಿ ಇಲಿ, ಇರುವೆ ಮುಟ್ಟದಂತೆ ಕರಟಗಳನ್ನು ಮುಚ್ಚಿ ಎತ್ತರದಲ್ಲಿ ಇಡಬೇಕು.

ಬೆಚ್ಚಗಿನ ಊರುಗಳಲ್ಲಿ ಬುಧವಾರವೇ ಬೇರಿನ ಬಿಳಿ ತುದಿ ಕಾಣುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಇನ್ನೊಂದು ದಿನ ಹಿಡಿಯಬಹುದು. ಪ್ರತಿದಿನ ಒಂದೇ ಹೊತ್ತಿಗೆ, ಹತ್ತು ನಿಮಿಷ ಮಾತ್ರ, ಮಕ್ಕಳು ನೋಡಿ ಚಿತ್ರ ಬರೆಯಲಿ. ಐದರಲ್ಲಿ ಎಷ್ಟು ಮೊಳೆತವು, ಎಷ್ಟು ಉಳಿದವು ಎಂದು ಎಣಿಸುವಾಗ ಗಣಿತದ ಪಾಠವೂ ಜೊತೆಗೇ ಆಗುತ್ತದೆ. ಒಂದು, ಎರಡು, ಮೂರನೇ ತರಗತಿಗಳು ಒಟ್ಟಿಗೆ ಕೂರುವ ಕೋಣೆಯಲ್ಲಿ ದಿನಾಂಕ ಬರೆಯುವ, ಚಿಕ್ಕವರು ಹೇಳಿದ್ದನ್ನು ದಾಖಲಿಸುವ ಕೆಲಸವನ್ನು ಮೂರನೆಯವರಿಗೆ ವಹಿಸಬಹುದು. ಕಾಳಿನಿಂದ ಎಲೆ ಮೊದಲು ಬರುತ್ತದೆಂದು ಚಿತ್ರ ಬರೆದ ಮಗುವಿಗೆ ‘ತಪ್ಪು’ ಎನ್ನದೆ, ‘ಇನ್ನೊಂದು ಸಲ ನೋಡಿ ಬಾ’ ಎಂದು ಕಾಳಿನ ಬಳಿಗೇ ಕಳುಹಿಸಬೇಕು.

ಶನಿವಾರದ ಬೆಳಗಿನ ಶಾಲೆ ಚರ್ಚೆಗೆ ಸೂಕ್ತ. ಊಹೆಯ ಗೆರೆಗಳನ್ನೂ ಕರಟಗಳನ್ನೂ ಎದುರಿಗಿಟ್ಟು, ಏನಾಯಿತು, ಯಾವುದು ನಾವು ಅಂದುಕೊಂಡಂತೆ ಆಗಲಿಲ್ಲ ಎಂದು ಕೇಳಬೇಕು. ಊಹೆ ಸರಿಯಾದವರನ್ನು ಹೊಗಳಿ ಚಪ್ಪಾಳೆ ತಟ್ಟಿಸಿದರೆ, ಮುಂದಿನ ಸಲ ಎಲ್ಲರೂ ತರಗತಿಯ ಜಾಣ ಮಗುವಿನ ಗೆರೆಯ ಕೆಳಗೇ ಗೆರೆ ಎಳೆಯುತ್ತಾರೆ. ಒಂದು ಗುಂಪಿನ ಕಾಳು ಬೂಸ್ಟು ಹಿಡಿದಿದ್ದರೆ ಅದನ್ನು ಅಡಗಿಸದೆ, ಅವರು ಮಾಡಿದ್ದರಲ್ಲಿ ಏನು ಬೇರೆಯಾಗಿತ್ತು ಎಂದು ಎಲ್ಲರೂ ಸೇರಿ ಹುಡುಕಲಿ.

ಮುಂದಿನ ವಾರಕ್ಕೆ ಬಿಸಿಯೂಟದ ಕೋಣೆಯಿಂದ ತಂದ ಅಕ್ಕಿ ಬೇಳೆಗಳ ಸರದಿ. ಭತ್ತ ಮತ್ತು ಅಕ್ಕಿ, ಕಡಲೆ ಮತ್ತು ಹುರಿಗಡಲೆ, ಇಡೀ ಹೆಸರು ಮತ್ತು ಹೆಸರುಬೇಳೆ ಎಂದು ಜೋಡಿ ಮಾಡಿ ಇಟ್ಟರೆ ಎರಡಕ್ಕೂ ನೀರು ಸಮನಾಗಿದ್ದರೂ ಒಂದು ಮೊಳೆಯುತ್ತದೆ, ಇನ್ನೊಂದು ಮೊಳೆಯುವುದಿಲ್ಲ. ನೀರು ಹಾಕಿದರೆ ಮೊಳೆಯುತ್ತದೆ ಎಂದು ಹಿಂದಿನ ವಾರ ತಾವೇ ಕಂಡುಕೊಂಡ ನಿಯಮ ಇಲ್ಲಿ ಸಾಲದಾಗುತ್ತದೆ, ಆ ಕೊರತೆಯೇ ಹೊಸ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಶಿಕ್ಷಕರಿಗೆ ಕಾರಣ ತಿಳಿದಿರಬೇಕು: ಅಕ್ಕಿಯನ್ನು ಪಾಲಿಶ್ ಮಾಡುವಾಗ ತವುಡಿನೊಂದಿಗೆ ಮೊಳಕೆಯ ಭಾಗವೂ ಹೋಗಿರುತ್ತದೆ, ಬೇಳೆ ಒಡೆಯುವಾಗ ಅದು ಮುರಿದುಬೀಳುತ್ತದೆ, ಹುರಿದಾಗ ಬಿಸಿಗೆ ಸಾಯುತ್ತದೆ. ಇದನ್ನು ಮೊದಲೇ ಹೇಳುವ ಬದಲು ನೆನೆದ ಅಲಸಂದೆಯನ್ನು ಮೆಲ್ಲನೆ ಬಿಡಿಸಿ, ಎರಡು ಹೋಳುಗಳ ನಡುವೆ ಅಂಟಿಕೊಂಡ ಪುಟ್ಟ ಬೇರು ಎಲೆಗಳನ್ನು ಮಕ್ಕಳೇ ನೋಡುವಂತೆ ಮಾಡಿ, ಆಮೇಲೆ ಬೇಳೆಯಲ್ಲಿ ಅದು ಎಲ್ಲಿದೆ ಎಂದು ಹುಡುಕಿಸಬೇಕು. ಕತ್ತಲಲ್ಲಿ ಕಾಳು ಮೊಳೆಯುತ್ತದೆಯೇ, ತಲೆಕೆಳಗಾಗಿ ಇಟ್ಟರೆ ಬೇರು ಯಾವ ಕಡೆಗೆ ಹೋಗುತ್ತದೆ ಎಂಬ ಪ್ರಶ್ನೆಗಳನ್ನೂ ಮಕ್ಕಳಿಂದ ಬಂದಾಗ ಇದೇ ಕ್ರಮದಲ್ಲಿ ಎತ್ತಿಕೊಳ್ಳಬಹುದು.

ಮೌಲ್ಯಮಾಪನಕ್ಕೆ ಬೇರೆ ಪರೀಕ್ಷೆ ಬೇಡ. ಪ್ರತಿ ಮಗುವಿನ ಮೊದಲ ದಿನದ ಮತ್ತು ಕೊನೆಯ ದಿನದ ಚಿತ್ರಗಳನ್ನು ಜೊತೆಗಿಟ್ಟು, ತಾನು ನೋಡಿದ್ದನ್ನು ಬರೆದಿದೆಯೋ ಪಕ್ಕದವರದನ್ನು ನೋಡಿ ಬರೆದಿದೆಯೋ, ಕಾರಣ ಹೇಳಲು ತೊಡಗಿದೆಯೋ, ಹೊಸ ಪ್ರಶ್ನೆ ಕೇಳಿತೋ ಎಂದು ಒಂದೊಂದು ಸಾಲು ಟಿಪ್ಪಣಿ ಇಡಬೇಕು. ಗುಂಪಿನಲ್ಲಿ ಬಾಯಿ ಬಿಡದ ಮಗುವನ್ನು ಮರುದಿನ ಬೆಳಿಗ್ಗೆ ಕರಟದ ಬಳಿ ಒಂಟಿಯಾಗಿ ಮಾತಾಡಿಸಿ ನೋಡಿ, ಆಮೇಲೆ ಅದರ ಟಿಪ್ಪಣಿ ಬರೆಯಬೇಕು.